ಮೂರು ಪದರಿನ ಬಿಸ್ಕೀಟು

೧೬ ಏಪ್ರಿಲ್ ೨೦೧೭, ರವಿವಾರ

ಸಕ್ಕರೆ ಕಾರ್ಖಾನೆಯವರು ಹೊಸ ವರ್ಷಕ್ಕೆ ನಮ್ಮ ಬಸ್ ಡಿಪೋದಲ್ಲಿ ಹಂಚಿದ ಡೈರಿ ಇದು. ಇಷ್ಟು ದಿನ ಗ್ಯಾಸ್ ಒಲೆ ಅಲುಗಾಡದಂತೆ ಅದರ ಕಾಲಿನ ಕೆಳಗೆ ಇಟ್ಟಿದ್ದೆ. ಇವತ್ತು ತೆಗೆದೆ. ದಿನವಿಡೀ ಬಸ್ಸಿನಲ್ಲಿ "ಮುಂದ ಸರೀರಿ, ಒಳಗ ಹೋಗ್ರಿ" ಎಂದು ಒದರಿ ಮನೆಗೆ ಬಂದರೆ ಅಲ್ಲಿ ಬಾಯಿ ಬಿಡದ ಒಂದು ಹುಡುಗಿ ಕೂತಿರುತ್ತಾಳೆ. ಗೋಡೆಗೆ ಹೇಳಿಕೊಳ್ಳುವುದಕ್ಕಿಂತ ಕಾಗದಕ್ಕೆ ಹೇಳಿಕೊಳ್ಳುವುದು ವಾಸಿ.

ಹುಡುಗಿ ನನ್ನ ತಂಗಿ ನೀಲಮಳ ಮಗಳು, ಸಪನಾ. ಹನ್ನೊಂದು ವರ್ಷ, ಅಂದರೆ ಕಂಡಕ್ಟರಳಾದ ನನ್ನ ಲೆಕ್ಕದಲ್ಲಿ ಅರ್ಧ ಟಿಕೆಟ್. ನೀಲಮ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ನಾಲ್ಕು ಮನೆಯ ಅಡಿಗೆ ಮಾಡಿಕೊಂಡು ಇದ್ದಳು. ಮಾರ್ಚ್‌ನಲ್ಲಿ ಕಾಮಾಲೆಯಾಗಿ ಹೋದಳು. ಸಪನಾಳ ಅಪ್ಪ ಎನ್ನಿಸಿಕೊಂಡವನು ಸೂರತ್ತಿನಲ್ಲಿ ಬೇರೆ ಸಂಸಾರ ಹೂಡಿ ವರ್ಷಗಳಾದವು, ಮಣ್ಣಿಗೂ ಬರಲಿಲ್ಲ. ಬಂದವನು ಅವನ ತಮ್ಮ ನಾಮದೇವ. ಇಚಲಕರಂಜಿಯಲ್ಲಿ ಮಗ್ಗದ ಕಾರ್ಖಾನೆಯಲ್ಲಿದ್ದಾನೆ, ಒಳ್ಳೆಯ ಮನುಷ್ಯ. "ಜೂನ್‌ದಾಗ ಸಾಳಿ ಚಾಲೂ ಆಗೂ ಮುಂದ ಬಂದು ಕರಕೊಂಡ ಹೋಗ್ತೀನ್ರಿ ಅಕ್ಕಾರ. ಅಲ್ಲೀತನಾ ನೀವು ಇಟಗೋರಿ" ಎಂದ. ಒಪ್ಪಿದೆ.

ಜೂನ್‌ವರೆಗೆ ಸರಿ, ಮುಂದೆ ನನ್ನಿಂದಾಗದು. ನಾನು ಒಂಟಿ ಹೆಂಗಸು. ಮನೆಯಲ್ಲಿ ಕಾಯುವವರು ಯಾರೂ ಇಲ್ಲವೆಂದು ನಾನೇ ಕೇಳಿ ಯಡೂರಿನ ವಸ್ತಿ ಬಸ್ಸು ಹಾಕಿಸಿಕೊಂಡಿದ್ದೇನೆ, ವಾರಕ್ಕೆರಡು ರಾತ್ರಿ ಅಲ್ಲೇ ಮಲಗುವುದು. ಮೇಲಾಗಿ ಜೂನ್‌ನಿಂದ ಪುಣೆ ಬಸ್ಸು ನನ್ನ ಪಾಲಿಗೆ ಬರಲಿದೆ. ಅದಕ್ಕೆ ಆರು ವರ್ಷ ಕಾದಿದ್ದೇನೆ.

ಹುಡುಗಿ ಎರಡು ತುತ್ತು ಉಂಡು ಎದ್ದಳು. ನನ್ನನ್ನು ಏನೆಂದೂ ಕರೆಯುವುದಿಲ್ಲ. ನೀರು ಬೇಕಾದರೆ ತಂಬಿಗೆಯ ಕಡೆ ನೋಡುತ್ತಾಳೆ.

೧೯ ಏಪ್ರಿಲ್, ಬುಧವಾರ

ಬಾಯಿ ಬಿಟ್ಟಳು! ನನ್ನೆದುರಿಗಲ್ಲ, ಎದುರು ಮನೆಯ ಲಗಮವ್ವನ ಹತ್ತಿರ. ಲಗಮವ್ವ ನಾಲ್ಕು ಆಡು ಸಾಕಿಕೊಂಡಿರುವ ಮುದುಕಿ. ನಾನು ಡ್ಯೂಟಿಗೆ ಹೋದಾಗ ಹುಡುಗಿ ಅವಳ ಕಟ್ಟೆಯ ಮೇಲಿರುತ್ತಾಳೆ. "ಏನ ತಿಂತೀ ನನ್ನವ್ವ, ಬಾಯಿಬಿಟ್ಟ ಹೇಳರೆ ಹೇಳ" ಎಂದು ಬೆನ್ನು ಹತ್ತಿದ್ದಕ್ಕೆ ಹೇಳಿದಳಂತೆ. ಅವಳ ಮಮ್ಮಿ ಹುಟ್ಟುಹಬ್ಬಕ್ಕೆ ಮಾಡುತ್ತಿದ್ದ ಮೂರು ಪದರಿನ ಬಿಸ್ಕೀಟು. ಕೆಳಗೆ ಬೆಣ್ಣೆಯ ಬಿಸ್ಕೀಟು, ನಡುವೆ ಕ್ಯಾರಮೆಲ್, ಮೇಲೆ ಚಾಕಲೇಟು. ನೀಲಮ ಅಡಿಗೆಗೆ ಹೋಗುತ್ತಿದ್ದ ಯಾವುದೋ ಮನೆಯಲ್ಲಿ ಕಲಿತದ್ದು.

ಶಂಕರಪಾಳಿ ಕೇಳಿದ್ದರೆ ಮಾಡಬಹುದಿತ್ತು. ಹೋಳಿಗೆ ಕೇಳಿದ್ದರೆ ಲಗಮವ್ವನೇ ಮಾಡುತ್ತಿದ್ದಳು. ಕೇಳಿ ಕೇಳಿ ಈ ಚಿಕ್ಕೋಡಿಯಲ್ಲಿ ಯಾರೂ ಹೆಸರು ಕೇಳದ್ದನ್ನು ಕೇಳಿದ್ದಾಳೆ.

ಸಂಜೆ ನಾಮದೇವನ ಫೋನ್ ಬಂತು. "ಕೂಸು ಆರಾಮ ಐತೇನ್ರಿ" ಎಂದ. ಹೇಳಿದೆ: "ಒಂದ ತಿನಿಸು ಕೇಳ್ಯಾಳ. ಅದನ್ನ ಒಂದ ಸಲ ಬರೋಬ್ಬರಿ ಮಾಡಿ ತಿನಿಸಿದ್ನಿ ಅಂದ್ರ ನನ್ನ ಕೆಲಸಾ ಮುಗೀತು. ಆಮ್ಯಾಲ ನಿಮ್ಮ ಮನಿಗೆ ಕಳಸೂದು." ಹುಡುಗಿ ಬಾಗಿಲಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಡಿಕೆ ಚೆನ್ನಾಗಿ ಹಾಕುತ್ತಾಳೆ.

೨೩ ಏಪ್ರಿಲ್, ರವಿವಾರ

ಮನೆಯಲ್ಲಿ ಓವನ್ ಇಲ್ಲದಿದ್ದರೇನು, ಊರಲ್ಲಿ ಭಟ್ಟಿ ಇದೆ. ಬೇಸಿಗೆ ಸೂಟಿ ಬಿದ್ದರೆ ಇಲ್ಲಿನ ಹೆಂಗಸರು ಮೈದಾ, ತುಪ್ಪ, ಸಕ್ಕರೆಪುಡಿ ಹೊತ್ತುಕೊಂಡು ದಸ್ತಗೀರ ಚಾಚಾನ ಬೇಕರಿಗೆ ಹೋಗುತ್ತಾರೆ. ಹಿಟ್ಟು ನಮ್ಮದು, ಬೆಂಕಿ ಅವನದು. ಅಲ್ಲೇ ಕೂತು, ಅವರಿವರ ಮನೆಯ ಸುದ್ದಿ ಆಡಿಕೊಂಡು, ನಾನಖಟಾಯಿ ಬೇಯಿಸಿಕೊಂಡು ಡಬ್ಬಿ ತುಂಬಿ ತರುವುದು. ಟ್ರೇ ಅದಲುಬದಲಾಗಬಾರದೆಂದು ಒಬ್ಬೊಬ್ಬರದು ಒಂದೊಂದು ಗುರುತು. ಒಬ್ಬಳು ಮೂಲೆಯ ಬಿಸ್ಕೀಟಿಗೆ ತೊಗರಿಬೇಳೆ ಒತ್ತುತ್ತಾಳೆ, ಮತ್ತೊಬ್ಬಳು ಲವಂಗ ಚುಚ್ಚುತ್ತಾಳೆ. ನಾನು ಮೊದಲ ಸಲ ಹೋದವಳು, ಏನೂ ಒಯ್ದಿರಲಿಲ್ಲ. ಹುಡುಗಿ ಹಿಟ್ಟಿನ ಮೂಲೆಗೆ ತನ್ನ ಹೆಬ್ಬೆರಳು ಒತ್ತಿದಳು.

ಹಿಟ್ಟನ್ನು ಟ್ರೇದಲ್ಲಿ ಹಾಸಿ ಹಾಗೇ ಇಡಿಯಾಗಿ ಬೇಯಿಸು ಎಂದು ಚಾಚಾನಿಗೆ ಹೇಳಿ ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ದಸ್ತಗೀರ ಚಾಚಾ ಎಲ್ಲವನ್ನೂ ಎತ್ತಿ, ಗುಂಡು ಮಾಡಿ, ಏಲಕ್ಕಿ ಹಾಕಿ, ಮೇಲೊಂದೊಂದು ಕೆಂಪು ಚೆರ್ರಿ ಇಟ್ಟು ಭಟ್ಟಿಗೆ ತಳ್ಳಿದ್ದ. ಬೆರಳು ಒತ್ತಿದ್ದ ಒಂದು ತುಂಡನ್ನು ಮಾತ್ರ ಹಾಗೇ ಬಿಟ್ಟಿದ್ದ.

"ಇಡೀದ ಹೆಂಗ ಬೇಯಸೂದ್ರಿ ಕಂಡಕ್ಟರ್ ಬಾಯಾರ? ನಿಮಗ ಮಾಡಾಕ ಬಂದಿಲ್ಲ ಅಂತ ನಾನ ಮಾಡಿದ್ನಿ" ಎಂದ. ಉಪಕಾರ ಮಾಡಿದವನನ್ನು ಬೈಯುವುದು ಹೇಗೆ? ಆ ನಾನಖಟಾಯಿಯ ಮೇಲೇ ಸಕ್ಕರೆ ಕರಗಿಸಿ ಸುರಿದು, ಚಾಕಲೇಟು ಹಚ್ಚಿ ಕೊಟ್ಟೆ.

ಹುಡುಗಿ ತುದಿ ಕಚ್ಚಿದಳು. "ಅಸಂ ನವ್ಹತಂ" ಎಂದಳು. ಮರಾಠಿಯಲ್ಲಿ, ಹೀಗಿರಲಿಲ್ಲ ಎಂದು. ನನ್ನೊಂದಿಗೆ ಆಡಿದ ಮೊದಲ ಮಾತು ಇದೇ.

೩೦ ಏಪ್ರಿಲ್, ರವಿವಾರ

ಎರಡನೆಯ ಸಲ. ಈ ಬಾರಿ ಭಟ್ಟಿಯ ಮುಂದೆ ಕಾವಲು ನಿಂತೆ. ಹುಡುಗಿ ಸೇಫ್ಟಿ ಪಿನ್ನಿನಿಂದ ಹಿಟ್ಟಿನ ತುಂಬ ತೂತು ಮಾಡಿದಳು. ಅವಳ ಮಮ್ಮಿ ಮುಳ್ಳುಚಮಚದಿಂದ ಮಾಡುತ್ತಿದ್ದಳಂತೆ. ಮೂಲೆಗೆ ಹೆಬ್ಬೆರಳು ಒತ್ತಿದಳು. ಇಡೀ ಟ್ರೇ ಹದವಾಗಿ ಬೆಂದು ಬಂತು. ಅಕ್ಕಪಕ್ಕದ ಹೆಂಗಸರು, "ಇದೇನ ಬೇ, ರೊಟ್ಟಿನೋ ಬಿಸ್ಕೀಟೋ?" ಎಂದು ಆಡಿಕೊಂಡರು. ಬಸ್ಸಿನಲ್ಲಿ ದಿನಾ ಇದಕ್ಕಿಂತ ಹೆಚ್ಚು ಕೇಳುತ್ತೇನೆ.

ಮನೆಗೆ ತಂದು ಕತ್ತರಿಸಿದರೆ ಪಾನ್ ಅಂಗಡಿಯ ವಾಸನೆ! ಆಮೇಲೆ ಹೊಳೆಯಿತು. ತುಪ್ಪ ಲಗಮವ್ವ ಕಾಸಿಕೊಟ್ಟದ್ದು. ನಮ್ಮ ಕಡೆ ಬೆಣ್ಣೆ ಕಾಸುವಾಗ ಘಮ ಬರಲೆಂದು ಎರಡು ವೀಳ್ಯದೆಲೆ ಹಾಕುತ್ತಾರೆ. ಅನ್ನಕ್ಕೆ ಹಾಕಿಕೊಂಡರೆ ಸೊಗಸು, ಚಾಕಲೇಟಿನ ಕೆಳಗೆ ಅಲ್ಲ.

"ಅಸಂ ನವ್ಹತಂ."

"ಅದು ನನಗೂ ಗೊತ್ತಾತು" ಎಂದೆ. ಹುಡುಗಿ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

೪ ಮೇ, ಗುರುವಾರ

ಯಡೂರಿನಲ್ಲಿ ವಸ್ತಿ. ಹೊಳೆಯ ದಂಡೆ, ಸೊಳ್ಳೆ ಬಹಳ. ಲಗಮವ್ವನ ಮನೆಯಲ್ಲಿ ಸೊಳ್ಳೆ ಪರದೆ ಇದೆಯೋ ಇಲ್ಲವೋ ಕೇಳಬೇಕಿತ್ತು.

೬ ಮೇ, ಶನಿವಾರ

ಸೊಳ್ಳೆ ಪರದೆ ತಂದೆ. ಜೂನ್ ಆದ ಮೇಲೆ ನನಗೇ ಆಗುತ್ತದೆ.

ಬಿಸ್ಕೀಟಿನ ಡಬ್ಬಿ ಖಾಲಿಯಾಗಿದೆ. ಬೇಡವಾದದ್ದನ್ನು ಲಗಮವ್ವನ ಆಡುಗಳಿಗೆ ಹಾಕಿರಬೇಕು. ಆಡುಗಳು ದಪ್ಪಗಾಗಲಿ.

೧೦ ಮೇ, ಬುಧವಾರ

ಬುದ್ಧ ಪೂರ್ಣಿಮೆ. ಬೆಳಿಗ್ಗೆ ಬುದ್ಧವಿಹಾರಕ್ಕೆ ಹೋಗಿ ಬಂದೆವು. ಹುಡುಗಿಗೆ ವಂದನೆ ಪೂರ್ತಿ ಬಾಯಿಪಾಠ ಇದೆ, ನೀಲಮ ಕಲಿಸಿದ್ದಾಳೆ. ನನಗೆ ನಡುವೆ ಎರಡು ಸಾಲು ಮರೆತುಹೋಗುತ್ತದೆ. ಅಲ್ಲಿ ಅವಳ ದನಿ ಹಿಡಿದು ದಾಟಿದೆ.

ಖೀರಿಗೆಂದು ಹಾಲು ತಂದದ್ದು ಉಳಿದಿತ್ತು. ಕ್ಯಾರಮೆಲ್ ಎಂದರೆ ಹಾಲು, ಸಕ್ಕರೆ, ಬೆಣ್ಣೆ ಕೂಡಿಸಿ ಗಟ್ಟಿಯಾಗಿ ಕಂದುಬಣ್ಣ ಬರುವವರೆಗೆ ಕಾಸಿದ್ದು ಎಂದು ಡಿಪೋದಲ್ಲಿ ಒಬ್ಬಳು ಮೊಬೈಲಿನಲ್ಲಿ ತೋರಿಸಿದ್ದಳು. ನಾನು ಯೋಚಿಸಿದೆ: ನಾಲ್ಕೂ ದಿಕ್ಕಿಗೆ ಕಬ್ಬು, ಕಂದುಬಣ್ಣಕ್ಕೆ ಹೆಣಗುವುದೇಕೆ? ಏಕಸಂಬಿಯಿಂದ ತಂದ ಬೆಲ್ಲ ಮನೆಯಲ್ಲೇ ಇದೆ. ಕುದಿಯುವ ಹಾಲಿಗೆ ಹಾಕಿದೆ. ಪಾತ್ರೆಯ ತುಂಬ ಹಾಲು ಒಡೆದು ನೀರು ಬೇರೆ, ಗಿಣ್ಣು ಬೇರೆ ಆಯಿತು.

ಲಗಮವ್ವ ಓಡಿಬಂದಳು. "ಕುದಿಯೂ ಹಾಲಿಗೆ ಬೆಲ್ಲಾ ಹಾಕ್ತಾರನ ಯಾರರೆ? ಹಾಲು ಆರಿಂದ ಹಾಕೂದಲ್ಲ? ಶೇವಂತಾ, ನೀ ಬರೇ ಟಿಕೀಟ ಹರಿಯಾಕ ಲಾಯಕ್ಕ ನೋಡ!"

ಹುಡುಗಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಭುಜ ಕುಣಿಸಿ. ನೀಲಮ ಹೀಗೇ ನಗುತ್ತಿದ್ದಳು. ನಾನು ಒಡೆದ ಹಾಲನ್ನು ಬಟ್ಟೆಗೆ ಕಟ್ಟುವ ನೆವದಲ್ಲಿ ಆ ಕಡೆ ತಿರುಗಿಕೊಂಡೆ.

ಒಡೆದದ್ದಕ್ಕೆ ಬೆಲ್ಲ ಬೆರೆಸಿ ಕೊಟ್ಟರೆ ಒಂದು ಬಟ್ಟಲು ತಿಂದಳು. ಇದನ್ನು ಮಾಡಿದ್ದೂ ನಾನೇ ತಾನೇ?

೧೭ ಮೇ, ಬುಧವಾರ

ಈ ವಾರದ ರಜೆ ಇವತ್ತು ಸಿಕ್ಕಿತು. ಕಾಗದದಲ್ಲಿ ಸುತ್ತಿದ ಉಪ್ಪಿನ ಹಳದಿ ಬೆಣ್ಣೆಯನ್ನೇ ನೀಲಮ ಬಳಸುತ್ತಿದ್ದಳಂತೆ. ನಿನ್ನೆ ನಿಪ್ಪಾಣಿಯಿಂದ ತಂದೆ. ಕರಗಬಾರದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಡ್ರೈವರ್ ಭಾವುಸಾಹೇಬನ ನೀರಿನ ಕ್ಯಾನಿಗೆ ಆನಿಸಿ ಇಟ್ಟಿದ್ದೆ. "ಕಂಡಕ್ಟರ್ ಬಾಯಿ ಈಗ ಪ್ಯಾಸೆಂಜರ್ ಬಿಟ್ಟು ಬೆಣ್ಣಿಗೆ ಸೀಟ ಹಿಡ್ಯಾಕತ್ತಾಳ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದ.

ಇವತ್ತು ಬಿಸ್ಕೀಟು ಸರಿಯಾಯಿತು. ಡಬ್ಬಿಯ ಗಟ್ಟಿ ಹಾಲಿಗೆ ಸಕ್ಕರೆ, ಬೆಣ್ಣೆ ಹಾಕಿ ಸಪನಾ, ನಾನು ಪಾಳಿಯ ಮೇಲೆ ತಿರುವಿದೆವು. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ತಿರುವುತ್ತ ತಿರುವುತ್ತ ಅವಳು ಮಾತಾಡಿದಳು. ಮಮ್ಮಿಗೆ ತಿರುವುವಾಗ ಕೈ ನೋಯುತ್ತಿತ್ತಂತೆ, ಆಗ ಇವಳು ಸ್ಟೂಲಿನ ಮೇಲೆ ನಿಂತು ಎರಡೂ ಕೈಯಿಂದ ತಿರುವುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಮಮ್ಮಿ, "ಈ ವರ್ಷ ನೀನ ಮಾಡು, ನಾ ಕುಂತ ಹೇಳ್ತೀನಿ" ಎಂದಿದ್ದಳಂತೆ. ನಾನು ಹೂಂ ಹೂಂ ಎಂದೆ. ಅಷ್ಟರಲ್ಲಿ ತಳ ಹಿಡಿಯಿತು. ಸ್ವಲ್ಪ.

ಕೆಟ್ಟದ್ದು ಚಾಕಲೇಟು. ಹಚ್ಚಿದ್ದು ಗಟ್ಟಿಯಾಗಲೇ ಇಲ್ಲ. ಹೊರಗೆ ಉರಿಬಿಸಿಲು, ಕರೆಂಟ್ ಇಲ್ಲ, ಲಗಮವ್ವನ ತಮ್ಮನ ಮನೆಯ ಫ್ರಿಜ್ಜೂ ಬೆಚ್ಚಗಿತ್ತು. ನೀರಿನ ಹರವಿಯ ಕೆಳಗಿನ ಒದ್ದೆ ಮರಳಿನಲ್ಲಿ ಟ್ರೇ ಇಟ್ಟೆವು. ಇರುವೆ ಬಂದವು.

"ಹಿಂಗ ಇರಲಿಲ್ಲ, ಮಾವಶಿ" ಎಂದಳು ಸಪನಾ. ಇವತ್ತು ಕನ್ನಡದಲ್ಲಿ. ದೊಡ್ಡಮ್ಮ ಎನ್ನುವ ಕಡೆ ಮಾತ್ರ ಮರಾಠಿಯ ಮಾವಶಿ.

೨೨ ಮೇ, ಸೋಮವಾರ

ನಿಪ್ಪಾಣಿಯಲ್ಲಿ ಬಸ್ಸು ಅರ್ಧ ತಾಸು ನಿಂತಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಮರಾಠಿ ಶಾಲೆ ಇದೆ. ಆರನೇತ್ತೆಗೆ ಜಾಗ ಉಂಟೋ ಎಂದು ಕೇಳಿ ಬಂದೆ. ಸುಮ್ಮನೆ. ಇಚಲಕರಂಜಿಯಲ್ಲಿ ಏನೇನು ಕಾಗದ ಕೇಳುತ್ತಾರೋ, ಗೊತ್ತಿದ್ದರೆ ಒಳ್ಳೆಯದಲ್ಲವೆ? ಎಲ್ಲ ಶಾಲೆಯಲ್ಲೂ ಕೇಳುವುದು ಒಂದೇ.

ಒಂದು ಸಣ್ಣ ಮಂಚವನ್ನೂ ತಂದೆ. ಸಪನಾ ಹೋದ ಮೇಲೆ ಬಟ್ಟೆ ಇಡಲು ಬರುತ್ತದೆ. ಲಗಮವ್ವ ಮಂಚ ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡಳು. ಆ ಮುದುಕಿ ಸುಮ್ಮನಿದ್ದರೆ ನನಗೆ ಸಿಟ್ಟು ಬರುತ್ತದೆ.

೨೮ ಮೇ, ರವಿವಾರ

ನಿನ್ನೆ ಮಳೆ ಬಂದು ಹವೆ ತಂಪಾಗಿದೆ. ಇವತ್ತಿನಿಂದ ರಂಜಾನಿನ ರೋಜಾ. ದಸ್ತಗೀರ ಚಾಚಾ ಉಗುಳು ಸಹ ನುಂಗದೆ ಭಟ್ಟಿಯ ಮುಂದೆ ನಿಂತಿದ್ದ. "ನೋಡಿ ಹೇಳ್ತೀನ್ರಿ ಬಾಯಾರ, ತಿಂದು ಹೇಳಾಕ ಆಗೂದಿಲ್ಲ" ಎಂದ. ಸಪನಾಳ ಹೆಬ್ಬೆರಳಿನ ಗುರುತು ಅವನಿಗೀಗ ಪರಿಚಯ. "ಈ ಬೆರಳಿನ ಟ್ರೇ ಹಿಂದ ಇಡಬ್ಯಾಡೋ, ಅಲ್ಲಿ ಬೆಂಕಿ ಜಾಸ್ತಿ ಐತಿ" ಎಂದು ಕೆಲಸದವನಿಗೆ ಕೂಗುತ್ತಾನೆ.

ಕ್ಯಾರಮೆಲ್ ತಳ ಹಿಡಿಯಲಿಲ್ಲ. ಚಾಕಲೇಟು ಕನ್ನಡಿಯ ಹಾಗೆ ಗಟ್ಟಿಯಾಯಿತು. ಬಿಸಿ ಚಾಕುವಿನಿಂದ ಚೌಕ ಚೌಕ ಕತ್ತರಿಸಿದೆವು. ಮೂರು ಪದರು, ಒಂದರೊಳಗೆ ಒಂದು ಇಳಿದಿಲ್ಲ. ನಾನೊಂದು ತಿಂದೆ. ನನಗೆ ಸಿಹಿ ಅಷ್ಟಕ್ಕಷ್ಟೆ. ಆದರೂ ಇನ್ನೊಂದು ತಿಂದೆ.

ಸಪನಾ ಕಚ್ಚಿದಳು. ಬಹಳ ಹೊತ್ತು ಅಗಿದಳು. ಅವಳ ಕಣ್ಣು ತುಂಬಿದ್ದು ಕಂಡೆ. ಆಯಿತು ಎಂದುಕೊಂಡೆ. ಅವಳು ಉಳಿದದ್ದನ್ನು ತಟ್ಟೆಗಿಟ್ಟು, "ಹಿಂಗ ಇರಲಿಲ್ಲ" ಎಂದಳು.

ಹಾಗಾದರೆ ಹೇಗಿತ್ತು ಮಾರಾಯ್ತಿ?

೩೦ ಮೇ, ಮಂಗಳವಾರ

ಬೆಳಿಗ್ಗೆ ಡಿಪೋಕ್ಕೆ ಹೋಗುವಾಗ ದಸ್ತಗೀರ ಚಾಚಾ ಕೂಗಿ ನಿಲ್ಲಿಸಿದ. ರವಿವಾರ ಅವನಿಗೆ ಕೊಟ್ಟಿದ್ದ ತುಂಡುಗಳನ್ನು ರೋಜಾ ಬಿಟ್ಟ ಮೇಲೆ ತಿಂದನಂತೆ. "ಮನ್ಯಾಗ ಜಗಳಾನ ಹತ್ತಿತರಿ ಬಾಯಾರ. ಇಷ್ಟ ವರ್ಷ ಭಟ್ಟಿ ನಡಸೀನಿ, ಇಂಥಾದ್ದು ತಿಂದಿದ್ದಿಲ್ಲ."

"ಆದ್ರ ಹುಡುಗಿ ಹಿಂಗ ಇರಲಿಲ್ಲ ಅಂತಾಳ."

"ಹಂಗಾರ ಆಕಿ ಸುಳ್ಳ ಹೇಳಾಕತ್ತಾಳ ಬಿಡ್ರಿ" ಎಂದು ನಕ್ಕ.

ನಕ್ಕು ಹೇಳಿದ್ದೇ, ಆದರೆ ದಿನವಿಡೀ ಅದೇ ತಲೆಯಲ್ಲಿ. ಒಬ್ಬನಿಗೆ ರಾಯಬಾಗದ ಟಿಕೆಟ್ ಬದಲು ನಿಪ್ಪಾಣಿಯದು ಕೊಟ್ಟೆ. ಸಂಜೆ ಲಗಮವ್ವನನ್ನು ಹಿಡಿದೆ. ಮನೆಯ ಬಿಸ್ಕೀಟು ಪ್ರತಿ ಸಲ ಎಲ್ಲಿಗೆ ಹೋಗುತ್ತದೆ, ಆಡಿಗೆ ಹಾಕುತ್ತೀಯಾ ಎಂದು ಕೇಳಿದೆ.

"ಆಡಿಗೆ? ನಿನ್ನ ಬುದ್ಧಿ ಆಡಿಗೆ ಹಾಕ! ಕೂಸು ನನ್ನ ಕಟ್ಟಿ ಮ್ಯಾಲ ಕುಂತು ತಿಂತೈತಿ, ನನಗೂ ಕೊಡತೈತಿ. ಮೊನ್ನೀದು ತಿಂದು, 'ಆಯಿ, ನಮ್ಮ ಮಮ್ಮಿ ಮಾಡಿದಂಗನ ಆಗ್ಯಾವ, ಆದ್ರ ಮಾವಶಿಗೆ ಹೇಳಬ್ಯಾಡ' ಅಂತು."

"ಯಾಕ ಹೇಳಬಾರದಂತ?"

"ನಾನೂ ಅದನ್ನ ಕೇಳಿದ್ನಿ. 'ಬರೋಬ್ಬರಿ ಆತು ಅಂದ್ರ ಮಾವಶಿ ಕೆಲಸಾ ಮುಗೀತು. ಆಮ್ಯಾಲ ಕಾಕಾನ ಮನಿಗೆ ಕಳಸ್ತಾಳ. ಫೋನಿನ್ಯಾಗ ಹಂಗ ಹೇಳ್ಯಾಳ' ಅಂತು. ಕೂಸಿಗೆ ಮಾತು ಕೊಟ್ಟೀನಿ, ಅದಕ ಸುಮ್ಮನಿದ್ನಿ. ನೀ ಕೇಳಿದಿ, ಹೇಳಿದ್ನಿ."

ಮೊದಲು ಸಿಟ್ಟು ಬಂತು. ಬಿಸಿಲಲ್ಲಿ ಬೆಣ್ಣೆ ಹೊತ್ತು ತಂದವಳು ನಾನು, ಭಟ್ಟಿಯ ಮುಂದೆ ಬೆಂದವಳು ನಾನು. ಕಟ್ಟೆ ಇಳಿಯುವಷ್ಟರಲ್ಲಿ ಸಿಟ್ಟು ಎಲ್ಲಿ ಹೋಯಿತೋ. ಲಗಮವ್ವನ ಆಡುಗಳ ನಡುವೆ ಕೂತು ಅತ್ತೆ. ನೀಲಮಳ ಮಣ್ಣಿನ ದಿನ ಅತ್ತಿರಲಿಲ್ಲ. ಅವತ್ತು ಅಳುವವರು ಬೇಕಾದಷ್ಟಿದ್ದರು, ಕೆಲಸ ಮಾಡುವವರು ಯಾರೂ ಇರಲಿಲ್ಲ. ಇವತ್ತು ಎರಡೂ ಸಲದ್ದು ಸೇರಿ ಬಂತು. ಲಗಮವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಡಿನ ವಾಸನೆ.

ಮುಖ ತೊಳೆದುಕೊಂಡು ಮನೆಗೆ ಬಂದೆ. ಸಪನಾ ಅಕ್ಕಿ ಆರಿಸುತ್ತಿದ್ದಳು.

"ಮುಂದಿನ ಸಲ ಏನ ಬದಲ ಮಾಡೂಣು?" ಎಂದು ಕೇಳಿದೆ.

ಅವಳು ಯೋಚಿಸಿದಳು. "ಉಪ್ಪು ಜರಾ ಜಾಸ್ತಿ ಆಗಿತ್ತು."

"ಕಡಿಮಿ ಹಾಕೂಣು" ಎಂದೆ.

೨ ಜೂನ್, ಶುಕ್ರವಾರ

ಪುಣೆ ಬಸ್ಸು ಬೇಡವೆಂದು ಬರೆದುಕೊಟ್ಟೆ. ವಸ್ತಿಯೂ ಬೇಡ, ಚಿಕ್ಕೋಡಿಯಿಂದ ನಿಪ್ಪಾಣಿ, ಹೋಗಿ ಬರುವುದಷ್ಟೇ ಸಾಕು. ಸಾಹೇಬರು ಯಾಕೆಂದು ಕೇಳಿದರು. "ಘಾಟಿನ್ಯಾಗ ವಾಂತಿ ಬರ್ತೈತ್ರಿ" ಎಂದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ನನಗೆ ಯಾವ ಘಾಟಿನಲ್ಲೂ ವಾಂತಿ ಬಂದಿಲ್ಲ. ಭಾವುಸಾಹೇಬ ಹಿಂದೆ ನಿಂತು ಕೆಮ್ಮಿದ.

ಸಂಜೆ ನಾಮದೇವನಿಗೆ ಫೋನ್ ಮಾಡಿ, ಸಪನಾ ಇಲ್ಲೇ ಇರಲಿ ಎಂದೆ. ಅವನು ಒಪ್ಪಲಿಲ್ಲ. "ಅಕ್ಕಾರ, ಅದು ನಮ್ಮ ಮನಿತನದ ಕೂಸು. ಅಣ್ಣ ಅಂತೂ ಬಿಟ್ಟಾ. ನಾನೂ ಬಿಟ್ನಿ ಅಂದ್ರ ನಾಕ ಮಂದ್ಯಾಗ ಮಾರಿ ಹೆಂಗ ತೋರಸ್ಲಿ? ನೀವು ಒಬ್ಬರ, ಡ್ಯೂಟಿ ಬ್ಯಾರೆ. ನಮ್ಮ ಮನ್ಯಾಗ ಜೊತಿಗೆ ಮಕ್ಕಳದಾವು. ಹನ್ನೊಂದ ತಾರೀಖಿಗೆ ಬರ್ತೀನಿ, ಬ್ಯಾಗ ತುಂಬಿಸಿ ಇಡ್ರಿ."

ಅವನ ಮಾತಿನಲ್ಲಿ ಒಂದೂ ತಪ್ಪಿಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬಸ್‌ಸ್ಟ್ಯಾಂಡಿನ ದನಿ ತೆಗೆದು ಜಗಳಾಡಿ ಗೆಲ್ಲುತ್ತಿದ್ದೆ.

೭ ಜೂನ್, ಬುಧವಾರ

ಸಪನಾ ತನ್ನ ಬಟ್ಟೆಗಳನ್ನೆಲ್ಲ ಒಗೆದು, ಮಡಚಿ, ಬ್ಯಾಗಿನ ಪಕ್ಕದಲ್ಲಿಟ್ಟಿದ್ದಾಳೆ. ಬ್ಯಾಗಿನೊಳಗೆ ಇಟ್ಟಿಲ್ಲ. ನಾನೂ ಇಡಲಿಲ್ಲ.

ಅವಳಿಗೆ ಏನೂ ಹೇಳಿಲ್ಲ. ಇಲ್ಲೇ ಇರು ಎಂದು ಮಾತು ಕೊಟ್ಟು, ಆಮೇಲೆ ನಾಮದೇವ ಕೈ ಹಿಡಿದು ಕರೆದೊಯ್ದರೆ ಆ ಮಾತಿನ ಗತಿಯೇನು? ಒಂದು ಸಲ ಕೇಳಬಾರದ್ದನ್ನು ಕೇಳಿಸಿಕೊಂಡಿದೆ ಆ ಕೂಸು. ಇನ್ನೊಂದು ಸಲ ಬೇಡ.

೧೦ ಜೂನ್, ಶನಿವಾರ

ಮಳೆ. ಭಟ್ಟಿಯ ಮುಂದೆ ನಾವಿಬ್ಬರೇ. ನಾಳೆ ಸಪನಾಳಿಗೆ ಹನ್ನೆರಡು ತುಂಬುತ್ತದೆ, ಇನ್ನು ಫುಲ್ ಟಿಕೆಟ್. ನಾಳೆಯೇ ನಾಮದೇವ ಬರುತ್ತಾನೆ.

ಅವಳು ಹಿಟ್ಟಿಗೆ ತೂತು ಚುಚ್ಚಿ, ಮೂಲೆಗೆ ಹೆಬ್ಬೆರಳು ಒತ್ತಿದಳು. ಪಕ್ಕದಲ್ಲಿ ನಾನೂ ನನ್ನದನ್ನು ಒತ್ತಿದೆ. ದಸ್ತಗೀರ ಚಾಚಾ ಬಗ್ಗಿ ನೋಡಿ, "ಇವತ್ತ ಜೋಡ ಗುರ್ತು" ಎಂದ.

ಉಪ್ಪು ಕಡಿಮೆ ಹಾಕಿದ್ದೇವೆ.

೧೧ ಜೂನ್, ರವಿವಾರ

ನಾಮದೇವ ಹತ್ತು ಗಂಟೆಯ ಬಸ್ಸಿಗೆ ಬಂದ. ಸಪನಾಳಿಗೆ ಹೊಸ ಫ್ರಾಕು, ನನಗೆ ಒಂದು ಸೀರೆ ತಂದಿದ್ದ. ಅವನ ಹೆಂಡತಿ ಕೊಟ್ಟು ಕಳಿಸಿದ್ದಳು. ಲಗಮವ್ವ ಕರೆಯದೆಯೇ ಬಂದು ಬಾಗಿಲಲ್ಲಿ ಕೂತಳು. ಚಹಾದ ಜೊತೆ ಬಿಸ್ಕೀಟಿನ ತಟ್ಟೆ ಇಟ್ಟೆ. ನಾಮದೇವ ಒಂದು ತಿಂದ, ಎರಡು ತಿಂದ.

"ಏ, ಭಾರಿ ಆಗ್ಯಾವಲ್ರಿ ಅಕ್ಕಾರ! ಇದ ಏನು ಆಕಿ ಕೇಳಿದ್ದು?"

"ಹೌದ್ರಿ."

"ಅಂತೂ ಹೇಳಿದಂಗ ಮಾಡಿ ತಿನಿಸಿದ್ರಿ. ನಿಮ್ಮ ಉಪಕಾರ ಮರಿಯೂದಿಲ್ಲ." ಬ್ಯಾಗಿನ ಕಡೆ ನೋಡಿದ. "ಹೊಂಡೂಣೇನು?"

ಸಪನಾ ಮಂಚದ ತುದಿಗೆ ಕೂತಿದ್ದಳು. ಅವನನ್ನು ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡೆ. ಕೆಳಗಿನ ಬಿಸ್ಕೀಟು ಪುಡಿಯಾಯಿತು, ನಡುವಿನದು ಹಲ್ಲಿಗೆ ಹತ್ತಿತು, ಚಾಕಲೇಟು ಕರಗಿತು. ಉಪ್ಪು ಹದವಾಗಿತ್ತು. ಇದಕ್ಕಿಂತ ಚೆನ್ನಾಗಿ ನೀಲಮಳೂ ಮಾಡಿರಲಾರಳು. ನಾನು ನಿಧಾನವಾಗಿ ಅಗಿದು ನುಂಗಿದೆ.

"ಇಲ್ರಿ ನಾಮದೇವ ಅವರ" ಎಂದೆ. "ಹಿಂಗ ಇರಲಿಲ್ಲ."

"ಅಂದ್ರ?"

"ನಮ್ಮ ನೀಲಮ ಮಾಡ್ತಿದ್ದದ್ದು ಹಿಂಗ ಇರಲಿಲ್ಲ. ಇನ್ನೂ ಬರೋಬ್ಬರಿ ಆಗಿಲ್ಲ. ಬರೋಬ್ಬರಿ ಮಾಡಿ ತಿನಿಸಿ ಕಳಸ್ತೀನಿ ಅಂತ ನಿಮಗ ಮಾತು ಕೊಟ್ಟೀನಿ. ಅಲ್ಲೀತನಾ ಕಳಸಾಕ ಬರೂದಿಲ್ಲ."

ಲಗಮವ್ವನ ಎಲೆ ಅಡಿಕೆ ಬಾಯಲ್ಲೇ ನಿಂತಿತು. ನಾಮದೇವ ನನ್ನ ಮುಖ ನೋಡಿದ, ತಟ್ಟೆ ನೋಡಿದ.

"ಯಾವಾಗ ಬರೋಬ್ಬರಿ ಆಗ್ತೈತ್ರಿ?"

"ಹೇಳಾಕ ಬರೂದಿಲ್ಲ. ಹತ್ತನೇತ್ತೆ ಮುಗಿಯೂದ್ರಾಗ ಆದ್ರ ಆತು. ಪುಣೆ ಬಸ್ಸ ಬಿಟ್ಟೀನಿ, ವಸ್ತಿ ಬಿಟ್ಟೀನಿ, ನಿಪ್ಪಾಣಿ ಸಾಳಿ ನೋಡೀನಿ. ನಿಮ್ಮ ಮನಿತನದ ಕೂಸು, ಇಲ್ಲ ಅನ್ನೂದಿಲ್ಲ. ದೀಪಾವಳಿಗೆ ಬರ್ತಾಳ, ಸೂಟಿಗೆ ಬರ್ತಾಳ. ನಾಕ ಮಂದಿ ಕೇಳಿದ್ರ ನನ್ನ ಹೆಸರ ಹೇಳ್ರಿ, ನಾ ಮಾರಿ ತೋರಸ್ತೀನಿ."

ನನ್ನ ದನಿ ಬಸ್‌ಸ್ಟ್ಯಾಂಡಿನ ದನಿಯಾಗಿರಲಿಲ್ಲ. ನಾಮದೇವ ಲೋಟ ಕೆಳಗಿಟ್ಟು ಸಪನಾಳ ಕಡೆ ತಿರುಗಿದ.

"ನೀ ಹೇಳ ಬಾಳಾ. ನಿಮ್ಮ ಮಮ್ಮಿ ಮಾಡಿದ್ದು ಹಿಂಗ ಇತ್ತೋ ಇಲ್ಲೋ?"

ಸಪನಾ ಎದ್ದು ಬಂದಳು. ನನ್ನ ಪಕ್ಕದಲ್ಲಿ ಕೂತು, ಎಲ್ಲರೆದುರಿಗೆ ತಟ್ಟೆಯಿಂದ ಒಂದು ತುಂಡು ತೆಗೆದು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಅದು ಮುಗಿಯುವ ಮೊದಲೇ ಇನ್ನೊಂದನ್ನು ತೆಗೆದುಕೊಂಡಳು. ಗಲ್ಲ ಉಬ್ಬಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ಮೂಗಿಗೆ ಚಾಕಲೇಟು ಹತ್ತಿತ್ತು.

"ಹಿಂಗ ಇರಲಿಲ್ಲ, ಕಾಕಾ" ಎಂದಳು, ಬಾಯಿ ತುಂಬ ಇಟ್ಟುಕೊಂಡೇ.

ನಾಮದೇವ ಮಧ್ಯಾಹ್ನ ಊಟ ಮಾಡಿ, ಲಗಮವ್ವ ಕಟ್ಟಿಕೊಟ್ಟ ಬಿಸ್ಕೀಟಿನ ಡಬ್ಬಿ ತೆಗೆದುಕೊಂಡು ಮೂರರ ಬಸ್ಸಿಗೆ ಒಬ್ಬನೇ ಹೋದ. ಬರುವ ರವಿವಾರ ಮತ್ತೆ ಭಟ್ಟಿಗೆ ಹೋಗಬೇಕು, ಬೆಣ್ಣೆ ತೀರಿದೆ.